ಹತ್ತು ತಿಂಗಳ ಮಾಸ್ತರಿಕೆ, ಹನ್ನೆರಡು ತಿಂಗಳ ಹೊಟ್ಟೆ

(ಸಿಂಧನೂರಿನಲ್ಲಿ ಸೇರಿದ್ದ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)



ಬೆಳಿಗ್ಗೆಯಿಂದ ಸ್ಮಶಾನ ಭೂಮಿಯ ಮಾತು ಆಯ್ತು, ಬಗರ್‌ಹುಕುಂ ಅರ್ಜಿಗಳ ಮಾತು ಆಯ್ತು. ಊಟ ಆದಮೇಲೆ ಕಾಲೇಜು ಮಾಸ್ತರರ ಕರಾರಿನ ಬಗ್ಗೆ ನಾನು ಮಾತಾಡಬೇಕು ಅಂತ ಸಂಘಟಕರು ಹೇಳಿದ್ದಾರೆ. ಊಟದ ಸಾಲಿನಲ್ಲೇ ಮಸ್ಕಿ ಕಡೆಯ ಹಿರಿಯರೊಬ್ಬರು ತಡೆದು, "ಅಲ್ಲೋ ತಮ್ಮಾ, ಕಾಲೇಜಿನಾಗ ಪಾಠ ಹೇಳೋರು ಸಾಹೇಬ್ರು. ಅವರಿಗೇನು ಕಡಿಮಿ ಆಗೈತಂತ ನಮ್ಮ ಸಭಾದಾಗ ಅವರ ಸುದ್ದಿ?" ಅಂದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗೋ ಹಾಗಿಲ್ಲ.

ಯಪ್ಪಾ, ಆ ಸಾಹೇಬರಲ್ಲಿ ಎರಡು ಜಾತಿ ಇವೆ. ಜಾತಿ ಅಂತ ಬೇಕೆಂದೇ ಅಂತೀನಿ. ಒಂದು ಖಾಯಂ ಜಾತಿ, ಇನ್ನೊಂದು ಅತಿಥಿ ಜಾತಿ. ಖಾಯಂ ಇದ್ದವರಿಗೆ ವರ್ಷದ ಹನ್ನೆರಡೂ ತಿಂಗಳು ಸಂಬಳ. ಬೇಸಿಗೆಯಲ್ಲಿ ಕಾಲೇಜಿಗೆ ಬೀಗ ಬಿದ್ದರೂ ಸಂಬಳ ನಿಲ್ಲೋದಿಲ್ಲ. ರಜೆ ಇರುವ ಇಲಾಖೆ ಅನ್ನೋ ಕಾರಣಕ್ಕೆ ಅವರಿಗೆ ಗಳಿಕೆ ರಜೆ ಬೇರೆ ನೌಕರರಿಗಿಂತ ಕಡಿಮೆ, ಅಷ್ಟೆ. ಅಂದರೆ ಮಾಸ್ತರಿಕೆಯಲ್ಲಿ ರಜೆಯೂ ಕೆಲಸದೊಳಗೇ ಸೇರಿದ್ದು ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಅತಿಥಿಗೆ ಈ ಲೆಕ್ಕ ಇಲ್ಲ. ಪಾಠ ಇರೋವರೆಗೆ ಗೌರವಧನ. ಅದೂ ವರ್ಷಕ್ಕೆ ಹೆಚ್ಚೆಂದರೆ ಹತ್ತು ತಿಂಗಳು. ಆಮೇಲೆ ನೀವ್ಯಾರೋ ನಾವ್ಯಾರೋ. ಮತ್ತೆ ಕಾಲೇಜು ಶುರುವಾದಾಗ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್, ಹೊಸದಾಗಿ ಆರ್ಡರು. ಹತ್ತು ವರ್ಷ ಪಾಠ ಹೇಳಿದವನೂ ಹತ್ತು ಸಲ ಹೊಸಬ.

ಅತಿಥಿ ಅಂದರೆ ಅಲ್ಲೊಬ್ಬರು ಇಲ್ಲೊಬ್ಬರು ಅಂತ ತಿಳೀಬೇಡಿ. ರಾಜ್ಯದಲ್ಲಿ ನಾಲ್ಕುನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2021ರ ಡಿಸೆಂಬರಿನಲ್ಲಿ ಇವರು ತರಗತಿ ಬಹಿಷ್ಕಾರ ಮಾಡಿದಾಗ ಅವರ ಸಂಖ್ಯೆ ಹದಿನಾಲ್ಕು ಸಾವಿರಕ್ಕೂ ಮೇಲಿತ್ತು. ಖಾಯಂ ಅಧ್ಯಾಪಕರಿಗಿಂತ ಅತಿಥಿಗಳೇ ಹೆಚ್ಚು. ಮನೆ ಯಜಮಾನರಿಗಿಂತ ನೆಂಟರೇ ಹೆಚ್ಚಿದ್ದರೆ ಆ ಮನೆ ನಡೆಸೋರು ಯಾರು? ನಮ್ಮಂಥ ದೂರದ ತಾಲ್ಲೂಕುಗಳಲ್ಲಿ ಖಾಯಂ ಆದವರು ವರ್ಗ ಮಾಡಿಸಿಕೊಂಡು ಬೆಂಗಳೂರು, ಧಾರವಾಡ, ಮೈಸೂರು ಕಡೆ ಹೋಗಿಬಿಡ್ತಾರೆ. ಉಳಿಯೋರು ಅತಿಥಿಗಳೇ. ಹೆಸರು ಮಾತ್ರ ಅತಿಥಿ, ಒಲೆ ಹಚ್ಚೋರು ಅವರೇ.

ಇವರು ಯಾರು ಅನ್ನೋದನ್ನೂ ಹೇಳಬೇಕು. ಹೊಲಗೇರಿ, ಮಾದಿಗರ ಓಣಿ, ತಾಂಡಾಗಳಿಂದ ಮೊದಲ ಸಲ ಎಂ.ಎ. ಮಾಡಿದವರು ಇವರಲ್ಲಿ ಬಹಳ ಮಂದಿ. ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪುಗಳಲ್ಲಿ ಭತ್ತದ ಸಸಿ ಹಚ್ಚಿದ ತಾಯಂದಿರ ಮಕ್ಕಳು. ಹಟ್ಟಿ ಚಿನ್ನದ ಗಣಿಯಲ್ಲಿ ದಿನಗೂಲಿ ಮಾಡಿದವರ ಮಕ್ಕಳು. ಮಳೆ ಕೈಕೊಟ್ಟ ವರ್ಷ ಅಪ್ಪ-ಅವ್ವ ಬೆಂಗಳೂರಿಗೆ ಗುಳೆ ಹೋದಾಗ ಹಾಸ್ಟೆಲಿನಲ್ಲಿ ಉಳಿದು ಓದಿದವರು. ಆದ್ದರಿಂದ ಹಿರಿಯರೇ, ಇದು ಸಾಹೇಬರ ಸುದ್ದಿ ಅಲ್ಲ, ನಿಮ್ಮ ಮಗನ ಸುದ್ದಿ.

ಈಗ ದುಡ್ಡಿನ ಲೆಕ್ಕ. 2022ಕ್ಕಿಂತ ಮೊದಲು ಇವರ ಗೌರವಧನ ತಿಂಗಳಿಗೆ 11 ಸಾವಿರ. ಯುಜಿಸಿ ಅರ್ಹತೆ ಇದ್ದರೆ, ಅಂದರೆ ನೆಟ್ಟೋ ಸ್ಲೆಟ್ಟೋ ಪಿಎಚ್.ಡಿ.ಯೋ ಇದ್ದರೆ 13 ಸಾವಿರ. ಬಹಿಷ್ಕಾರ ಮಾಡಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ನಾಲ್ಕು ಮೆಟ್ಟಿಲು ಮಾಡಿತು. ಅರ್ಹತೆಯೂ ಐದು ವರ್ಷದ ಸೇವೆಯೂ ಇದ್ದವರಿಗೆ 32 ಸಾವಿರ, ಅರ್ಹತೆ ಇದ್ದು ಸೇವೆ ಕಡಿಮೆ ಇದ್ದವರಿಗೆ 30, ಅರ್ಹತೆ ಇಲ್ಲದೆ ಐದು ವರ್ಷ ದಾಟಿದವರಿಗೆ 28, ಅದೂ ಇಲ್ಲದವರಿಗೆ 26. ಪೇಪರಿನಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಸಣ್ಣ ಅಕ್ಷರದಲ್ಲಿ ಬಂದದ್ದು ಇನ್ನೊಂದು: ಮೊದಲು ವಾರಕ್ಕೆ 8 ತಾಸು ಪಾಠ ಇದ್ದದ್ದು 15 ತಾಸಾಯಿತು. ಒಂದು ವಿಭಾಗದಲ್ಲಿ 30 ತಾಸು ಪಾಠ ಇದ್ದರೆ ಮೊದಲು ನಾಲ್ಕು ಮಂದಿ ಹಂಚಿಕೊಳ್ತಿದ್ದರು. ಈಗ ಇಬ್ಬರು ಸಾಕು. ಇಬ್ಬರ ಅನ್ನ ಹೆಚ್ಚಾಯಿತು, ಇಬ್ಬರು ಪಂಕ್ತಿಯಿಂದ ಎದ್ದು ಹೋದರು. ಎದ್ದು ಹೋದವರ ಫೋಟೋ ಪೇಪರಿನಲ್ಲಿ ಬರಲಿಲ್ಲ.

2023ರ ನವೆಂಬರಿನಲ್ಲಿ ಮತ್ತೆ ಮುಷ್ಕರ ಆಯಿತು. ಸೇವೆಯ ವರ್ಷ ನೋಡಿ 5 ಸಾವಿರದಿಂದ 8 ಸಾವಿರದವರೆಗೆ ಹೆಚ್ಚಳ, 60 ವರ್ಷ ಆದಾಗ 5 ಲಕ್ಷ ಇಡಿಗಂಟು, ಆರೋಗ್ಯ ವಿಮೆ, ತಿಂಗಳಿಗೊಂದು ರಜೆ ಅಂತ ಸರ್ಕಾರ ಹೇಳಿತು. ಹೆಚ್ಚಳ 2024ರ ಜನವರಿಯಿಂದ. ಇದು ಸಣ್ಣ ಗೆಲುವಲ್ಲ, ಬೀದಿಯಲ್ಲಿ ಕೂತು ಪಡೆದದ್ದು. ಆದರೆ ಇವರ ಮೂಲ ಬೇಡಿಕೆ ಸೇವೆಗೆ ಭದ್ರತೆ ಕೊಡಿ ಅನ್ನೋದು. ದುಡ್ಡು ಹೆಚ್ಚಾಯಿತು, ಭದ್ರತೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನೋದೇ ಇವತ್ತಿನ ನನ್ನ ಮಾತು.

2022ರ 32 ಸಾವಿರವನ್ನೇ ತಗೊಳ್ಳಿ. ಹತ್ತು ತಿಂಗಳಿಗೆ 3 ಲಕ್ಷ 20 ಸಾವಿರ. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 26,666 ರೂಪಾಯಿ. 26 ಸಾವಿರದವನದು 21,666ಕ್ಕೆ ಇಳೀತಿತ್ತು. ಅದೇ ಕಾಲೇಜಿನಲ್ಲಿ ಹೊಸದಾಗಿ ಸೇರಿದ ಖಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ, ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ, 57,700. ಅದರ ಮೇಲೆ ಭತ್ಯೆಗಳು. ಅವರ ಪಾಠ ವಾರಕ್ಕೆ 16 ತಾಸು, ಇವರದು 15. ಒಂದು ತಾಸಿನ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಗೋಡೆ.

ಇಲ್ಲಿ ಒಂದು ವಿಷಯ ಬಿಡಿಸಿ ನೋಡಬೇಕು. ನಮ್ಮ ಹುಡುಗರೇ ಗೊಂದಲ ಮಾಡಿಕೊಳ್ತಾರೆ. ಅಮೆರಿಕದಲ್ಲಿ ಖಾಯಂ ಪ್ರೊಫೆಸರರಿಗೂ ಒಂಬತ್ತು ತಿಂಗಳ ಕರಾರು ಇರೋದು ಸಾಮಾನ್ಯ. ಅಲ್ಲಿ ಅದನ್ನು ಶೈಕ್ಷಣಿಕ ವರ್ಷದ ಕರಾರು ಅಂತಾರೆ. ವರ್ಷವಿಡೀ ದುಡಿಯುವ ಆಡಳಿತದವರಿಗೆ, ಕೆಲವು ಸಂಶೋಧಕರಿಗೆ ಹನ್ನೆರಡು ತಿಂಗಳ ಕರಾರು. ಒಂಬತ್ತು ತಿಂಗಳಿನವರು ಬೇಸಿಗೆಯಲ್ಲಿ ಪುಸ್ತಕ ಬರೀತಾರೆ, ಬೇರೆ ಹಣ ತಂದು ಸಂಶೋಧನೆ ಮಾಡ್ತಾರೆ. ಬೇಕೆಂದವರಿಗೆ ಒಂಬತ್ತು ತಿಂಗಳ ಸಂಬಳವನ್ನೇ ಹನ್ನೆರಡು ಕಂತು ಮಾಡಿ ಕೊಡುವ ಪದ್ಧತಿಯೂ ಬಹಳ ಕಡೆ ಇದೆ. ಇದನ್ನು ತೋರಿಸಿ, "ನೋಡ್ರಿ, ಅಮೆರಿಕದಾಗೂ ಹಂಗೇ ಐತಿ" ಅಂತ ಹೇಳೋರಿದ್ದಾರೆ. ಹಂಗಿಲ್ಲ. ಅಲ್ಲಿ ಖಾಯಂ ಪ್ರೊಫೆಸರನ ಸಂಬಳ ಒಂಬತ್ತು ತಿಂಗಳದು, ನೌಕರಿ ಒಂಬತ್ತು ತಿಂಗಳದಲ್ಲ. ಬೇಸಿಗೆ ಮುಗಿದ ಮೇಲೆ ಅವನು ತನ್ನ ಕುರ್ಚಿಗೇ ವಾಪಸ್ ಬರ್ತಾನೆ, ಅರ್ಜಿ ಹಾಕೋದಿಲ್ಲ. ಅಲ್ಲಿಯೂ ಅತಿಥಿ ಜಾತಿಯವರಿದ್ದಾರೆ. ಮುಂದಿನ ಅವಧಿಗೆ ಕರೀತಾರೆ ಅನ್ನೋ ಭರವಸೆ ಇದೆಯಲ್ಲ ಅಂತ ಹೇಳಿ, ಬೇಸಿಗೆಯಲ್ಲಿ ಅಂಥವರಿಗೆ ನಿರುದ್ಯೋಗ ಭತ್ಯೆಯನ್ನೂ ತಪ್ಪಿಸ್ತಿದ್ದರು. 1989ರಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು, ಮಕ್ಕಳು ಸೇರಿದರೆ ಕೆಲಸ, ಇಲ್ಲದಿದ್ದರೆ ಇಲ್ಲ ಅನ್ನೋದು ಭರವಸೆಯೇ ಅಲ್ಲ ಅಂತ ಹೇಳಿ ಭತ್ಯೆ ಕೊಡಿಸಿತು.

ಆದ್ದರಿಂದ ಮೂರು ಸಂಗತಿ ಬೇರೆ ಬೇರೆ. ಹತ್ತು ತಿಂಗಳ ದುಡ್ಡನ್ನೇ ಹನ್ನೆರಡು ಪಾಲು ಮಾಡಿ ಕೊಡೋದು ಒಂದು. ಅದರಿಂದ ಒಂದು ಪೈಸೆ ಹೆಚ್ಚಾಗೋದಿಲ್ಲ, ಮೇ ತಿಂಗಳ ಕೈಗಡ ಸಾಲ ತಪ್ಪಬಹುದು ಅಷ್ಟೆ. ಹನ್ನೆರಡು ತಿಂಗಳಿಗೂ ಪೂರ್ತಿ ಗೌರವಧನ ಕೊಡೋದು ಎರಡನೇದು. ನೌಕರಿಯೇ ಮುರಿಯದ ಹಾಗೆ ಆರ್ಡರು ಕೊಡೋದು ಮೂರನೇದು. ನಾಳೆ ಯಾರಾದರೂ ಮಂತ್ರಿ ಮೊದಲನೇದನ್ನು ಕೊಟ್ಟು ಮೂರನೇದನ್ನು ಕೊಟ್ಟೆ ಅಂತ ಹಾರ ಹಾಕಿಸಿಕೊಂಡರೆ ನಾವು ಚಪ್ಪಾಳೆ ಹೊಡೆಯಬಾರದು.

ಈ ಮೂರನೇದೇ ಯಾಕೆ ದೊಡ್ಡದು ಅಂದರೆ, ನಮಗೆ ಜೀತ ಗೊತ್ತಿದೆ.

ಯುಗಾದಿ ಅಮಾಸಿಗೆ ಗೌಡರ ಮನೆಯ ಕಟ್ಟೆಯ ಮೇಲೆ ಜೀತದ ಮಾತು ಆಗ್ತಿತ್ತು. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ಮುಂಗಡ ಇಷ್ಟು, ಜೋಳ ಇಷ್ಟು, ಒಂದು ಕಂಬಳಿ, ಒಂದು ಜೊತೆ ಕೆರ. ಅದು ಹನ್ನೆರಡು ತಿಂಗಳ ಕರಾರೇ! ರಜೆ ಇಲ್ಲ, ರಾತ್ರಿ ಇಲ್ಲ, ಹೆಂಡತಿ ಹೆರಿಗೆ ಇಲ್ಲ. ಕಾಯಿಲೆ ಬಿದ್ದ ದಿನಗಳನ್ನು ಮುಂದಿನ ವರ್ಷಕ್ಕೆ ಸೇರಿಸಿ ದುಡಿಸಿಕೊಳ್ತಿದ್ದರು. 1975ರ ಸುಗ್ರೀವಾಜ್ಞೆ, 1976ರ ಕಾಯಿದೆ ಬಂದು ಜೀತ ರದ್ದಾಯಿತು ಅಂತ ಕಾಗದ ಹೇಳಿತು. ಕಾಗದವನ್ನು ಹೊಲಕ್ಕೆ ಇಳಿಸೋದಕ್ಕೆ ನಮ್ಮ ಚಳವಳಿ ಎಷ್ಟು ಏಟು ತಿಂದಿದೆ ಅನ್ನೋದು ಇಲ್ಲಿ ಕೂತ ಹಿರಿಯರಿಗೆ ಗೊತ್ತು. ಹಾಗಾದರೆ ಅಪ್ಪ ಯಾವ ಹನ್ನೆರಡು ತಿಂಗಳಿನಿಂದ ತಪ್ಪಿಸಿಕೊಂಡು ಬಂದನೋ, ಮಗ ಅದೇ ಹನ್ನೆರಡು ತಿಂಗಳು ಕೊಡಿ ಅಂತ ಯಾಕೆ ಕೇಳ್ತಾನೆ? ಇದು ಕುಹಕ ಅಲ್ಲ, ಯೋಚನೆ ಮಾಡಬೇಕಾದ ಪ್ರಶ್ನೆ.

ಜೀತದಲ್ಲಿ ವರ್ಷವೆಲ್ಲಾ ಇದ್ದದ್ದು ಧಣಿಯ ಹಕ್ಕು. ಆಳು ಬಿಟ್ಟು ಹೋಗುವ ಹಾಗಿರಲಿಲ್ಲ, ಧಣಿ ಯಾವಾಗ ಬೇಕಾದರೂ ಹೊಡೆದು ಅಟ್ಟಬಹುದಿತ್ತು. ಹತ್ತು ತಿಂಗಳ ಮಾಸ್ತರಿಕೆಯಲ್ಲಿ ಮುಂಗಡ ಇಲ್ಲ, ಹೊಡೆತ ಇಲ್ಲ, ಬಿಟ್ಟು ಹೋಗಬೇಡ ಅಂತ ಯಾರೂ ಹಿಡಿಯೋದಿಲ್ಲ. ಆದ್ದರಿಂದ ಇದೂ ಜೀತವೇ ಅಂತ ಭಾಷಣದ ಭರದಲ್ಲಿ ಹೇಳೋದು ನನಗೆ ಸರಿ ಕಾಣೋದಿಲ್ಲ. ಜೀತ ಮಾಡಿದವರಿಗೆ ಅವಮಾನ ಅದು. ಆದರೆ ಒಂದು ಅಂಶ ಮಾತ್ರ ಹಾಗೇ ಉಳಿದಿದೆ. ವರ್ಷಕ್ಕೊಮ್ಮೆ ಇನ್ನೊಬ್ಬರ ಕಟ್ಟೆಯ ಮುಂದೆ ನಿಂತು, "ಈ ವರ್ಷಾನೂ ಇಟಗೊಳ್ರಿ" ಅನ್ನಬೇಕು. ಅಪ್ಪ ಯುಗಾದಿಗೆ ನಿಲ್ತಿದ್ದ. ಮಗ ಕೌನ್ಸೆಲಿಂಗಿಗೆ ನಿಲ್ತಾನೆ. ಹಾಗೆ ನಿಲ್ಲಬೇಕಾದ ಮನುಷ್ಯ ಉಳಿದ ತಿಂಗಳುಗಳಲ್ಲೂ ಬಾಯಿ ಬಿಡೋದಿಲ್ಲ.

ಕಾಲೇಜಿನಲ್ಲಿ ಏನಾಗ್ತದೆ ನೋಡಿ. ನಮ್ಮ ಹುಡುಗನಿಗೆ ಆಂತರಿಕ ಅಂಕದಲ್ಲಿ ಅನ್ಯಾಯ ಆಯಿತು ಅಂತಿಟ್ಟುಕೊಳ್ಳಿ. ಸ್ಟಾಫ್ ರೂಮಿನಲ್ಲಿ ಯಾರೋ ಒಬ್ಬರು ಮೀಸಲಾತಿ ಬಗ್ಗೆ ಹಗುರಾಗಿ ಮಾತಾಡಿದರು ಅಂತಿಟ್ಟುಕೊಳ್ಳಿ. ನಮ್ಮ ಅತಿಥಿ ಮಾಸ್ತರ ಅಲ್ಲೇ ಕೂತಿರ್ತಾನೆ. ಕಿವಿ ಕೇಳ್ತದೆ, ಹೊಟ್ಟೆ ಉರೀತದೆ. ಬಾಯಿ ತೆರೆದರೆ? ಮುಂದಿನ ವರ್ಷ ವರ್ಕ್‌ಲೋಡ್ ಪಟ್ಟಿ ಬರೆಯುವಾಗ, ಸೇವಾ ಪ್ರಮಾಣ ಪತ್ರಕ್ಕೆ ಸಹಿ ಮಾಡುವಾಗ ಆ ಮಾತು ನೆನಪಿಗೆ ಬಂದರೆ? ಯಾರೂ ಹೆದರಿಸೋ ಅಗತ್ಯವೇ ಇಲ್ಲ. ಆ ಎರಡು ಖಾಲಿ ತಿಂಗಳೇ ಹೆದರಿಸ್ತವೆ. ಬಾಬಾಸಾಹೇಬರು 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆದಾಗ, ಅಧ್ಯಾಪಕರ ಕೋಣೆಯ ನೀರಿನ ಪಾತ್ರೆ ಮುಟ್ಟಬಾರದು ಅಂತ ತಕರಾರು ತೆಗೆದವರಿದ್ದರು. ಇವತ್ತು ನೀರಿನ ಕ್ಯಾನು ಎಲ್ಲರಿಗೂ ಒಂದೇ. ಗೆರೆ ಎಳೆಯೋದಕ್ಕೆ ಆರ್ಡರಿನ ಕಾಗದವೇ ಸಾಕು.

ನಮ್ಮ ಚಳವಳಿಯನ್ನು ಕಟ್ಟಿದವರಲ್ಲಿ ಮಾಸ್ತರರು ಎಷ್ಟು ಮಂದಿ ಅಂತ ಎಣಿಸಿ. ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ ಊರೂರು ತಿರುಗಿ ಸಂಘಟನೆ ಕಟ್ಟಿದರು. ಅಂಥವರಿಗೆ ತೊಂದರೆ ಬರಲಿಲ್ಲ ಅಂತಲ್ಲ. ಆದರೆ ಪ್ರತಿ ವರ್ಷ ತಾನಾಗಿಯೇ ಮುರಿದು ಬೀಳುವ ನೌಕರಿ ಅವರದಾಗಿರಲಿಲ್ಲ. ತಿಂಗಳ ಕೊನೆಗೆ ಸಂಬಳ ಬರ್ತಿತ್ತು, ಅದರಲ್ಲಿ ಕರಪತ್ರವೂ ಅಚ್ಚಾಗ್ತಿತ್ತು. ಇವತ್ತು ನಮ್ಮ ಸಭೆಗೆ ಬರುವ ಅತಿಥಿ ಉಪನ್ಯಾಸಕ ಹಿಂದಿನ ಸಾಲಿನಲ್ಲಿ ಕೂಡ್ತಾನೆ, ಫೋಟೋ ತೆಗೆಯುವಾಗ ಎದ್ದು ಹೊರಗೆ ಹೋಗ್ತಾನೆ. ನಾನು ಅವನನ್ನು ಹಳಿಯೋದಿಲ್ಲ. ಈ ಕರಾರು ನಮ್ಮಿಂದ ಕಿತ್ತುಕೊಂಡದ್ದು ಎರಡು ತಿಂಗಳ ದುಡ್ಡು ಮಾತ್ರ ಅಲ್ಲ ಅನ್ನೋದಕ್ಕೆ ಹೇಳಿದೆ.

ಬಾಡಿಗೆ ಮನೆಯ ವಿಷಯ ಹೆಣ್ಣುಮಕ್ಕಳು ಹೇಳಿದ್ದು, ಅದನ್ನೂ ಸೇರಿಸ್ತೀನಿ. ಸಂಬಳ ನಿಂತ ಮೇಲೆ ಖಾಲಿ ಕೋಣೆಗೆ ಬಾಡಿಗೆ ಕಟ್ಟೋರು ಯಾರು? ಬಿಟ್ಟು ಊರಿಗೆ ಹೋಗ್ತಾರೆ. ಮತ್ತೆ ಕಾಲೇಜು ಶುರುವಾದಾಗ ಲಿಂಗಸುಗೂರಿನಲ್ಲೋ ಸಿಂಧನೂರಿನಲ್ಲೋ ಮಾನವಿಯಲ್ಲೋ, ಆ ಸಲ ಎಲ್ಲಿ ಸಿಕ್ಕಿತೋ ಅಲ್ಲಿ ಹೊಸ ಕೋಣೆ ಹುಡುಕಬೇಕು. ಕೋಣೆ ಅಂದಮೇಲೆ ಬಾಗಿಲಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ ನಿಮಗೆ ಗೊತ್ತು: "ಮೇಡಮ್ಮಾರ, ನೀವು ಯಾವ ಮಂದಿ?" ಖಾಯಂ ಆದವರಿಗೆ ಈ ಪ್ರಶ್ನೆ ಊರಿಗೊಂದು ಸಲ. ಅತಿಥಿಗೆ ವರ್ಷಕ್ಕೊಂದು ಸಲ. ಬೆಳಿಗ್ಗೆ ತರಗತಿಯಲ್ಲಿ ಸಮಾನತೆಯ ಪಾಠ ಹೇಳಿದವಳು ಸಂಜೆ ಸುಳ್ಳು ಜಾತಿ ಹೇಳಬೇಕೋ, ನಿಜ ಹೇಳಿ ಇನ್ನೊಂದು ಓಣಿಗೆ ನಡೆಯಬೇಕೋ ಅಂತ ಯೋಚನೆ ಮಾಡ್ತಾಳೆ. ಹನ್ನೆರಡು ತಿಂಗಳ ಆರ್ಡರು ಇದ್ದರೆ ಜಾತಿ ಹೋಗೋದಿಲ್ಲ, ನಿಜ. ಪ್ರಶ್ನೆ ಇಷ್ಟು ಸಲ ಬರೋದಿಲ್ಲ.

ಇನ್ನು ಕೋರ್ಟಿನ ವಿಷಯ. ನಮ್ಮವರಿಗೆ ಕೋರ್ಟು ಅಂದರೆ ಅಲರ್ಜಿ. ಆದರೆ ಈ ಎರಡು ತಿಂಗಳ ಆಟ ಕೋರ್ಟಿಗೆ ಹೊಸದಲ್ಲ.

1985ರಲ್ಲಿ ರತನ್ ಲಾಲ್ ಮತ್ತು ಇತರರು ಅಂತ ಹರಿಯಾಣದ ತಾತ್ಕಾಲಿಕ ಶಿಕ್ಷಕರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂತು. ಶಾಲೆ ಶುರುವಾದಾಗ ನೇಮಕ, ಬೇಸಿಗೆ ರಜೆಗೆ ಮೊದಲು ತೆಗೆಯೋದು, ಮತ್ತೆ ನೇಮಕ. ಈ ತೆಗೆಯೋ ಹಾಕೋ ನೀತಿ ಸಂವಿಧಾನದ 14 ಮತ್ತು 16ನೇ ವಿಧಿಗೆ ವಿರುದ್ಧ, ಬೇಸಿಗೆ ರಜೆಯ ಸಂಬಳವನ್ನೂ ಕೊಡಿ ಅಂತ ಕೋರ್ಟು ಹೇಳಿತು. ತೀರ್ಪು ಬರೆದವರು ನಮ್ಮ ಮಂಡ್ಯ ಕಡೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರು. (ಇದೇ ನ್ಯಾಯಮೂರ್ತಿಗಳು 1988ರಲ್ಲಿ ಗೋವಾದ ಒಬ್ಬ ಶಿಕ್ಷಕಿಯ ಮೊಕದ್ದಮೆಯಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಅಂತಲೂ ಹೇಳಿದರು. ಆದ್ದರಿಂದ ಗಿರಣಿ ಕಾರ್ಮಿಕನಿಗೆ ಇದ್ದ ಲೇಬರ್ ಕೋರ್ಟಿನ ದಾರಿ ಮಾಸ್ತರನಿಗೆ ಸಿಗಲಿಲ್ಲ. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದರಲ್ಲಿ ಸ್ವಲ್ಪ ಹೋಯಿತು.)

ಎರಡನೇದು ನಮ್ಮದೇ ರಾಜ್ಯದ್ದು. ಇದನ್ನು ಪ್ರತಿಯೊಬ್ಬ ಅತಿಥಿ ಉಪನ್ಯಾಸಕನೂ ಜೇಬಿನಲ್ಲಿಟ್ಟುಕೊಳ್ಳಬೇಕು. ಖಾಸಗಿ ಅನುದಾನಿತ ಕಾಲೇಜುಗಳಲ್ಲಿ 'ಸ್ಟಾಪ್‌ಗ್ಯಾಪ್' ಉಪನ್ಯಾಸಕರು ಅಂತ ಇದ್ದರು. ಗ್ಯಾಪು ತುಂಬೋರು. ಮೂರು ತಿಂಗಳಿಗೆ ಒಂದು ಆರ್ಡರು. ಮಧ್ಯೆ ಒಂದೆರಡು ದಿನ ಬಿಡುವು ಕೊಟ್ಟು ಮತ್ತೆ ಮೂರು ತಿಂಗಳು. ಹೀಗೆ ವರ್ಷಗಟ್ಟಲೆ. ಸಂಬಳ ಖಾಯಂ ಉಪನ್ಯಾಸಕನ ಕನಿಷ್ಠ ಸಂಬಳಕ್ಕಿಂತ ಹತ್ತು ರೂಪಾಯಿ ಕಡಿಮೆ. ಆ ಹತ್ತು ರೂಪಾಯಿ ಉಳಿಸಿ ಯಾವ ಸರ್ಕಾರ ಉದ್ಧಾರ ಆಗ್ತದೆ? ನೀನು ಅವನ ಸಮ ಅಲ್ಲ ಅಂತ ತೋರಿಸೋದಕ್ಕೆ ಹತ್ತು ರೂಪಾಯಿ ಸಾಕು. 1992ರಲ್ಲಿ ಸುಪ್ರೀಂ ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತು. ಬಿಡುವಿನ ದಿನಗಳನ್ನೂ ಸೇರಿಸಿ ಮೂರು ವರ್ಷ ದುಡಿದವರನ್ನು ತೆಗೆಯಬಾರದು, ಖಾಯಂ ಜಾಗ ಬಂದ ಹಾಗೆ ಸೇರಿಸಿಕೊಳ್ಳಬೇಕು, ಖಾಯಂ ಹುದ್ದೆಯವರಿಗೆ ಸಿಗುವ ಸಂಬಳವನ್ನೇ ಕೊಡಬೇಕು, ರಜೆಯ ಕಾಲದಲ್ಲೂ ಸೇವೆಯಲ್ಲಿ ಮುಂದುವರಿಸಬೇಕು ಅಂತ ಆದೇಶ ಮಾಡಿತು. ರಜೆಯ ಕಾಲದಲ್ಲೂ! ಇವತ್ತು ನಾವು ಬಾಯಿ ಬಡಕೊಳ್ತಿರೋದು 1992ರಲ್ಲೇ ಕಾಗದದ ಮೇಲೆ ಬಂದಿದೆ.

ಹಾಗಾದರೆ ಅದು ಎಲ್ಲಿ ಹೋಯಿತು? ಹೆಸರಿನಲ್ಲಿ ಹೋಯಿತು. ಸ್ಟಾಪ್‌ಗ್ಯಾಪ್ ಅಂದರೆ ತೀರ್ಪು ಅನ್ವಯ ಆಗ್ತದೆ. ಅರೆಕಾಲಿಕ ಅಂದರು. ಆಮೇಲೆ ಅತಿಥಿ ಅಂದರು. ಅತಿಥಿ ಅನ್ನೋ ಮಾತು ಎಷ್ಟು ಸಭ್ಯವಾಗಿದೆ ನೋಡಿ, ಅತಿಥಿಗೆ ಹುದ್ದೆ ಇಲ್ಲ, ಹುದ್ದೆ ಇಲ್ಲದ ಮೇಲೆ ಸಂಬಳ ಇಲ್ಲ, ಕೊಡೋದು ಗೌರವಧನ. ಗೌರವ ಬೇರೆ! ಹೊಲೆಯ-ಮಾದಿಗರನ್ನು ಹೆಸರು ಬದಲಿಸಿ ಹರಿಜನ ಅಂದಾಗ ಬಾವಿ ತೆರೆಯಲಿಲ್ಲ. ಅದೇ ಜಾಣತನ ಇದು.

2006ರಲ್ಲಿ ಉಮಾದೇವಿ ಪ್ರಕರಣದ ತೀರ್ಪು ಬಂತು. ಅದೂ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ಸರಿಯಾದ ಆಯ್ಕೆ ಇಲ್ಲದೆ ಒಳಗೆ ಬಂದವರು ಬಹಳ ವರ್ಷ ದುಡಿದ ಮಾತ್ರಕ್ಕೆ ಖಾಯಂ ಹಕ್ಕು ಕೇಳುವ ಹಾಗಿಲ್ಲ ಅಂತ ಐದು ನ್ಯಾಯಮೂರ್ತಿಗಳ ಪೀಠ ಹೇಳಿತು. ಅಂದಿನಿಂದ ಯಾವ ಮಂತ್ರಿಯನ್ನು ಕೇಳಿದರೂ ಉಮಾದೇವಿ ಹೆಸರು ಹೇಳಿ ಕೈ ಮುಗೀತಾರೆ. ಆದರೆ ಖಾಯಂ ಮಾಡೋದು ಬೇರೆ, ಸರಿಯಾದ ಕೂಲಿ ಕೊಡೋದು ಬೇರೆ. 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಬೇಕು ಅಂತ ಕೋರ್ಟೇ ಹೇಳಿದೆ. 2025ರ ಆಗಸ್ಟಿನಲ್ಲಿ ಗುಜರಾತಿನ ಸರ್ಕಾರಿ ಕಾಲೇಜುಗಳಲ್ಲಿ ಗುತ್ತಿಗೆ ಮೇಲೆ 30 ಸಾವಿರಕ್ಕೆ ದುಡಿಯುತ್ತಿದ್ದ ಸಹಾಯಕ ಪ್ರಾಧ್ಯಾಪಕರಿಗೂ ಕನಿಷ್ಠ ಶ್ರೇಣಿ ಕೊಡಿ, ಗುರುವಿಗೆ ಶ್ಲೋಕ ಹೇಳಿದರೆ ಸಾಲದು ಅನ್ನೋ ಅರ್ಥದ ಮಾತು ಹೇಳಿತು. ಯುಜಿಸಿಯ 2018ರ ನಿಯಮದಲ್ಲೂ, ಗುತ್ತಿಗೆ ಅಧ್ಯಾಪಕರು ಒಟ್ಟು ಹುದ್ದೆಗಳ ಶೇ. 10 ಮೀರಬಾರದು, ಅವರ ವೇತನ ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ವೇತನಕ್ಕಿಂತ ಕಡಿಮೆ ಇರಬಾರದು ಅಂತ ಬರೆದಿದೆ. ಶೇ. 10! ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು. ನಮ್ಮವರು ಗುತ್ತಿಗೆಯವರಲ್ಲ, ಅತಿಥಿಗಳು ಅಂತ ಸರ್ಕಾರ ಜಾರಿಕೊಳ್ತದೆ. ಮತ್ತೆ ಅದೇ ಹೆಸರಿನ ಆಟ.

ಮಸ್ಕಿಯ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ 1915ರಲ್ಲಿ ಸಿಕ್ಕಿತು. ಎರಡು ಸಾವಿರ ವರ್ಷದ ಮೇಲಾದರೂ ಅಶೋಕ ಅನ್ನೋ ಹೆಸರು ಅದರಲ್ಲಿ ಓದೋದಕ್ಕೆ ಬರ್ತದೆ. ಅದರ ಪಕ್ಕದ ಊರಿನಲ್ಲಿ ಇತಿಹಾಸ ಪಾಠ ಹೇಳುವ ಮಾಸ್ತರನ ಆರ್ಡರು ಮಾತ್ರ ಹತ್ತೇ ತಿಂಗಳಿಗೆ ಅಳಿಸಿಹೋಗ್ತದೆ. ಇರಲಿ, ಮುಂದೆ ಹೋಗೋಣ.

ಈಗ ನಮ್ಮೊಳಗಿನ ಜಗಳ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ. ನೆಟ್ ಪಾಸಾಗಿ ಮನೆಯಲ್ಲಿ ಕೂತಿರುವ ನಮ್ಮ ಹುಡುಗರು, "ಅತಿಥಿಗಳನ್ನ ಹಂಗೇ ಖಾಯಂ ಮಾಡಿದ್ರ ರೋಸ್ಟರ್ ಎಲ್ಲಿ ಹೋತು? ಬ್ಯಾಕ್‌ಲಾಗ್ ಹುದ್ದೆ ಎಲ್ಲಿ ಹೋದ್ವು?" ಅಂತ ಕೇಳ್ತಾರೆ. ಹದಿನೈದು ವರ್ಷ ದುಡಿದ ನಮ್ಮ ಅತಿಥಿ, "ಈಗ ನೇಮಕಾತಿ ಮಾಡಿದ್ರ ನನ್ನ ವಯಸ್ಸು ಮುಗದೈತಿ, ನಾನೆಲ್ಲಿಗೆ ಹೋಗ್ಲಿ?" ಅಂತಾನೆ. ಇಬ್ಬರೂ ನಮ್ಮವರೇ. 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ 2021ರಲ್ಲಿ ಅರ್ಜಿ ಕರೆದು, 2022ರ ಮಾರ್ಚಿನಲ್ಲಿ ಪರೀಕ್ಷೆ ಮಾಡಿ, ಆಮೇಲೆ ವರ್ಷಗಟ್ಟಲೆ ಎಳೆದಾಡಿದಾಗ ಈ ಇಬ್ಬರೂ ಪರಸ್ಪರ ಶಾಪ ಹಾಕಿಕೊಂಡದ್ದನ್ನು ನೋಡಿದ್ದೀವಿ. ಎಳೆದಾಡಿದವರು ಯಾರ ಶಾಪಕ್ಕೂ ಸಿಗಲಿಲ್ಲ.

ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದವರು ಚರ್ಚೆಯಲ್ಲಿ ಹೇಳಿ. ಖಾಲಿ ಹುದ್ದೆ ತುಂಬೋದು ನಮ್ಮ ಮೊದಲ ಬೇಡಿಕೆ ಆಗಿಯೇ ಇರಬೇಕು. ಯಾಕಂದರೆ ಮೀಸಲಾತಿ ಇರೋದು ಹುದ್ದೆಯಲ್ಲಿ. ಹೈದರಾಬಾದ್ ಕರ್ನಾಟಕದ ನಮಗೆ 371(ಜೆ) ಕೊಟ್ಟ ಸ್ಥಳೀಯ ಪಾಲು ಇರೋದೂ ಹುದ್ದೆಯಲ್ಲಿ. ಹುದ್ದೆ ತುಂಬದಿದ್ದರೆ ರೋಸ್ಟರೂ ಇಲ್ಲ, 371(ಜೆ)ಯೂ ಇಲ್ಲ, ಎರಡೂ ಗೋಡೆಯ ಮೇಲಿನ ಕ್ಯಾಲೆಂಡರ್ ಚಿತ್ರ. ನೇಮಕಾತಿಯಲ್ಲಿ ಅತಿಥಿಗಳ ಸೇವೆಗೆ ಅಂಕ, ವಯಸ್ಸಿಗೆ ಸಡಿಲಿಕೆ ಕೇಳೋಣ. ಹುದ್ದೆ ತುಂಬುವವರೆಗೆ ಅತಿಥಿಗೆ ಹನ್ನೆರಡು ತಿಂಗಳ ಆರ್ಡರು, ರಜೆಯ ಗೌರವಧನ, ಮುರಿಯದ ಸೇವೆ ಕೇಳೋಣ. ಇದಕ್ಕೆ ಉಮಾದೇವಿ ಅಡ್ಡ ಬರೋದಿಲ್ಲ. ಇದು ಖಾಯಂ ಅಲ್ಲ, ತೆಗೆದು ಹಾಕಿ ಆಡಿಸಬೇಡಿ ಅನ್ನೋದಷ್ಟೆ. ಜೊತೆಗೆ ಅತಿಥಿ ನೇಮಕದಲ್ಲೂ ರೋಸ್ಟರ್ ಕೇಳೋಣ. ಕೌನ್ಸೆಲಿಂಗ್‌ನಲ್ಲಿ ಅಂಕ ನೋಡ್ತಾರೆ, ಪದವಿ ನೋಡ್ತಾರೆ, ಸೇವೆಯ ವರ್ಷ ನೋಡ್ತಾರೆ. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ 45 ದಿನ ಮತ್ತು ಅದಕ್ಕೂ ಮೇಲ್ಪಟ್ಟ ತಾತ್ಕಾಲಿಕ ನೇಮಕಕ್ಕೂ ಮೀಸಲಾತಿ ಅನ್ವಯಿಸಬೇಕು ಅಂತ 2022ರಲ್ಲಿ ಮತ್ತೊಮ್ಮೆ ಸುತ್ತೋಲೆ ಹೊರಡಿಸಿದ್ದಾರೆ. ಹತ್ತು ತಿಂಗಳು ಅಂದರೆ ಮುನ್ನೂರು ದಿನ. 45ಕ್ಕೆ ಇರುವ ನ್ಯಾಯ 300ಕ್ಕೆ ಯಾಕಿಲ್ಲ?

ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ಇದು ನಿಮ್ಮ ಪ್ರಶ್ನೆಯೂ ಹೌದು. ಸೆಮಿಸ್ಟರ್ ಶುರುವಾದರೂ ಅತಿಥಿಗಳ ಆರ್ಡರು ಬಂದಿರೋದಿಲ್ಲ. ಕಪ್ಪುಹಲಗೆ ಖಾಲಿ. ಆರ್ಡರು ಬಂದ ಮೇಲೆ ನಾಲ್ಕು ತಿಂಗಳ ಪಾಠ ಎರಡು ತಿಂಗಳಲ್ಲಿ ಓಡ್ತದೆ. ಉಳ್ಳವರ ಮಕ್ಕಳು ಖಾಸಗಿ ಕಾಲೇಜಿಗೆ ಹೋಗ್ತಾರೆ. ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕೂತು ಕಾಯೋದು ನೀವು. ಪರೀಕ್ಷೆಯಲ್ಲಿ ನಪಾಸಾದರೆ "ಇವರಿಗೆ ಓದು ಹತ್ತಂಗಿಲ್ಲ" ಅಂತ ಕೇಳಿಸಿಕೊಳ್ಳೋದೂ ನೀವು. ಮಾಸ್ತರರು ಮುಷ್ಕರ ಮಾಡಿದಾಗ ಅವರ ವಿರುದ್ಧ ನಿಮ್ಮನ್ನು ಎತ್ತಿಕಟ್ಟೋದಕ್ಕೆ ಬರ್ತಾರೆ, ಎಚ್ಚರ ಇರಲಿ.

ಕೆಲಸ ಏನು ಮಾಡಬೇಕು ಅಂತ ಹೇಳಿ ಮುಗಿಸ್ತೀನಿ. ಮೂರು ತಾಲ್ಲೂಕಿನವರೂ ತಮ್ಮ ತಮ್ಮ ಸರ್ಕಾರಿ ಪದವಿ ಕಾಲೇಜುಗಳ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರು ಸಾಕು, ಬಿಪಿಎಲ್ ಕಾರ್ಡು ಇದ್ದರೆ ಅದೂ ಬೇಡ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಅದರಲ್ಲಿ ಎಸ್.ಸಿ., ಎಸ್.ಟಿ. ಬ್ಯಾಕ್‌ಲಾಗ್ ಎಷ್ಟು, ಅತಿಥಿಗಳು ಎಷ್ಟು, ಕಳೆದ ಐದು ವರ್ಷದಲ್ಲಿ ಅವರನ್ನು ಯಾವ ತಾರೀಖಿಗೆ ತೆಗೆದುಕೊಂಡರು, ಯಾವ ತಾರೀಖಿಗೆ ಬಿಡುಗಡೆ ಮಾಡಿದರು, ಗೌರವಧನ ಯಾವ ತಿಂಗಳು ಬಂತು. ತಾರೀಖು ಮುಖ್ಯ. ಅರ್ಜಿಯನ್ನು ಅತಿಥಿ ಉಪನ್ಯಾಸಕರ ಕೈಯಲ್ಲಿ ಹಾಕಿಸಬೇಡಿ, ಪಾಪ ಅವರ ಹೆಸರು ಬೀಳಬಾರದು. ವಿದ್ಯಾರ್ಥಿಗಳೂ ಬೇಡ. ನಮ್ಮ ಕಾರ್ಯಕರ್ತರೇ ಹಾಕಲಿ. ಉತ್ತರಕ್ಕೆ ಮೂವತ್ತು ದಿನ ಗಡುವು ಇದೆ, ಅಷ್ಟರೊಳಗೆ ಬರದಿದ್ದರೆ ಮೇಲ್ಮನವಿಯ ನಮೂನೆ ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೀವಿ, ಒಂದೊಂದು ತಗೊಂಡು ಹೋಗಿ. 1992ರ ತೀರ್ಪಿನ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಒಂದು ಹಾಳೆ ಮಾಡಿದ್ದೀವಿ, ಅದನ್ನೂ ತಗೊಳ್ಳಿ.

ಲಿಂಗಸುಗೂರಿನವರು ಬಸ್ಸಿನ ಹೊತ್ತಾಯಿತು ಅಂತ ಸನ್ನೆ ಮಾಡ್ತಿದ್ದಾರೆ. ಹೊರಡೋಕೆ ಮುಂಚೆ ನಿಮ್ಮ ತಾಲ್ಲೂಕಿನಿಂದ ಅರ್ಜಿ ಹಾಕುವ ಇಬ್ಬರ ಹೆಸರು ಬರೆಸಿ ಹೋಗಿ. ಜೈ ಭೀಮ್.